ಎರಡನೇ ವಯಲಿನ್ನಿನ ಸುಖ

ವಾದ್ಯವೃಂದದಲ್ಲಿ ಎರಡನೇ ವಯಲಿನ್ನವರನ್ನು ಕೇಳಲಿಕ್ಕೆಂದೇ ಟಿಕೆಟ್ ಕೊಂಡು ಬಂದವರನ್ನು ನಾನು ಈವರೆಗೆ ಕಂಡಿಲ್ಲ. ಮೊದಲನೇ ವಯಲಿನ್ನವರಿಗೆ ರಾಗ ಉಂಟು. ಚೆಲ್ಲೋದವರಿಗೆ ಗಂಭೀರವಾದ ಕಂಠ ಉಂಟು. ಡಬಲ್ ಬಾಸಿನವರಿಗೆ ಆಕಾರವೇ ಉಂಟು, ಸಭೆಯ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ವಿಯೋಲಾದವರಿಗೆ ಕೊನೇಪಕ್ಷ ಅವರ ಮೇಲೆ ಹುಟ್ಟಿದ ಜೋಕುಗಳಾದರೂ ಉಂಟು. ಎರಡನೇ ವಯಲಿನ್ನವರಿಗೆ ಅದೂ ಇಲ್ಲ. ಇಷ್ಟಿದ್ದೂ ಇಡೀ ವೇದಿಕೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲಲು ನಾನು ತಯಾರು.

ಮನೆಯಲ್ಲಿ ಮಾತ್ರ ಈ ವಾದ ನಡೆಯುವುದಿಲ್ಲ. ಗೋರೆಗಾಂವ್ ಪಶ್ಚಿಮದ ಜವಾಹರ ನಗರದಲ್ಲಿ ನಮ್ಮದು ಹಳೆಯ ಕಟ್ಟಡ. ಸಂಜೆ ಕಿಟಕಿ ತೆರೆದು ಅಭ್ಯಾಸಕ್ಕೆ ಕೂತರೆ ಮೂರು ಮಾಳಿಗೆಗೂ ಕೇಳುತ್ತದೆ. ಕೇಳುವುದಾದರೂ ಏನು? ಒಂದೇ ಸ್ವರ ಎಂಟು ಸಲ, ಆಮೇಲೆ ಅದರ ಪಕ್ಕದ ಸ್ವರ ಎಂಟು ಸಲ, ಆಮೇಲೆ ಎರಡು ಆವರ್ತ ಮೌನ. ಮೌನದಲ್ಲಿ ನಾನು ಕಾಲಿನಲ್ಲಿ ಲೆಕ್ಕ ಹಾಕುತ್ತಿರುತ್ತೇನೆ. ಪಕ್ಕದ ಮನೆಯ ಗುಜರಾತಿ ಅಜ್ಜಿ ಒಮ್ಮೆ ನನ್ನ ಹೆಂಡತಿಯನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಇಷ್ಟು ವರ್ಷ ಆಯಿತು, ನಿನ್ನ ಗಂಡನಿಗೆ ಇನ್ನೂ ಪೂರ್ತಿ ಹಾಡು ಯಾಕೆ ಕಲಿಸಿಲ್ಲ ಎಂದು ಕೇಳಿದ್ದರು. ಫೀಸು ಬಾಕಿ ಇದೆಯೋ ಎಂಬ ಕಾಳಜಿ ಅವರದು.

ಈ ರುಚಿ ಹತ್ತಿದ್ದು ಹತ್ತನೇ ಇಯತ್ತೆಯ ಪರೀಕ್ಷೆ ಮುಗಿದ ಮೇ ತಿಂಗಳಲ್ಲಿ. ಮುಂಬಯಿಯ ಕನ್ನಡದ ಮಕ್ಕಳಿಗೆ ಮೇ ಎಂದರೆ ಊರು. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ, ಉಡುಪಿಗೆ ಹೋಗುವ ಬಸ್ಸಿನ ಸೀಟು ಮಾರ್ಚಿನಲ್ಲೇ ಹಿಡಿದಿಡಬೇಕು. ಅಜ್ಜಿಮನೆಯ ಹಲಸು, ಮಾವು, ಗದ್ದೆಯ ಬದಿಯ ತೋಡು ಎಲ್ಲ ಬಿಟ್ಟು, ಗೋರೆಗಾಂವ್ ಪೂರ್ವದಲ್ಲಿ ನಡೆಯಲಿದ್ದ ತಂತಿವಾದ್ಯದ ಶಿಬಿರಕ್ಕೆ ಹೋಗುತ್ತೇನೆಂದು ನಾನು ಹಟ ಹಿಡಿದೆ. ಹೈಸ್ಕೂಲಿನ ಮಕ್ಕಳಿಗೆಂದೇ ಇಟ್ಟ ಶಿಬಿರ. ಅಲ್ಲೇ ಊಟ, ಅಲ್ಲೇ ವಾಸ, ಕೊನೆಯ ದಿನ ಒಂದು ಕಾರ್ಯಕ್ರಮ. ಅಪ್ಪನಿಗೆ ಅರ್ಥವಾಗದೇ ಇದ್ದದ್ದು ಸಂಗೀತವಲ್ಲ, ವಾಸ.

“ಮನೆ ಸ್ಟೇಷನ್ನಿನ ಈಚೆ, ಶಿಬಿರ ಸ್ಟೇಷನ್ನಿನ ಆಚೆ. ನಡುವೆ ಒಂದು ಬ್ರಿಜ್ಜು. ಅಷ್ಟಕ್ಕೆ ಅಲ್ಲಿ ಮಲಗಲಿಕ್ಕೆ ಬೇರೆ ದುಡ್ಡು ಕೊಡಬೇಕಾ ಮಾರಾಯ?” ಎಂದರು.

ಅಮ್ಮ ಊಟದ ಡಬ್ಬಿ ಕಳಿಸಿಕೊಡುತ್ತೇನೆ, ಆ ದುಡ್ಡಾದರೂ ಉಳಿಯಲಿ ಎಂದಳು. ಶಿಬಿರದವರು ಅದಕ್ಕೂ ಒಪ್ಪಲಿಲ್ಲ. ಒಳಗೆ ಬಂದವರು ಕಾರ್ಯಕ್ರಮ ಮುಗಿಯುವವರೆಗೆ ಹೊರಗೆ ಹೋಗುವಂತಿಲ್ಲ, ಹೊರಗಿನ ಊಟ ಒಳಗೆ ಬರುವಂತಿಲ್ಲ. ಕೊನೆಗೆ ಅಮ್ಮನೇ ಅಪ್ಪನನ್ನು ಒಪ್ಪಿಸಿದಳು. ಅವಳಿಗೆ ಸಂಗೀತ ಗೊತ್ತಿತ್ತು. ಮದುವೆಗೆ ಮುಂಚೆ ಊರಿನಲ್ಲಿ ವರ್ಣದವರೆಗೆ ಪಾಠ ಆಗಿತ್ತು, ನನ್ನನ್ನು ಪಿಟೀಲಿಗೆ ಕೂರಿಸಿದ್ದೂ ಅವಳೇ.

ಶಿಬಿರ ನಡೆದದ್ದು ಆರೇ ಕಾಲೊನಿಯ ದಿಕ್ಕಿನಲ್ಲಿ, ಕ್ರೈಸ್ತ ಸಂಸ್ಥೆಯೊಂದರ ವಸತಿ ಕಟ್ಟಡದಲ್ಲಿ. ಮುಂಬಯಿಗೆ ಹಾಲು ಕೊಡಲೆಂದು ದಾರಾ ಖುರೋಡಿಯವರು 1949ರಲ್ಲಿ ಕಟ್ಟಲು ಹೊರಟ ಆರೇ ಆಗ ಈಗಿನದಕ್ಕಿಂತ ಇನ್ನೂ ದಟ್ಟವಾಗಿತ್ತು. ರಾತ್ರಿ ಒಬ್ಬೊಬ್ಬರೇ ಅಂಗಳಕ್ಕಿಳಿಯಬಾರದು, ಚಿರತೆ ಇದೆ ಎಂದು ವಾರ್ಡನ್ ಹೇಳುತ್ತಿದ್ದರು. ಹೆದರಿಸಲಿಕ್ಕೆ ಹೇಳಿದ್ದಲ್ಲ, ಆರೇಯಲ್ಲಿ ಚಿರತೆ ಇವತ್ತಿಗೂ ಇದೆ.

ನಮ್ಮ ಮೇಷ್ಟ್ರು ಗೋವಾದವರು, ಮಲಾಡ್‌ನ ಓರ್ಲೆಮ್‌ನಲ್ಲಿ ಮನೆ. ಹಿಂದಿ ಸಿನಿಮಾ ರೆಕಾರ್ಡಿಂಗಿನಲ್ಲಿ ವಯಲಿನ್ ನುಡಿಸಿ ಜೀವನ ಮಾಡಿದವರು. ಅಂಥವರು ಆಗ ನಮ್ಮ ಉಪನಗರಗಳಲ್ಲಿ ಬೀದಿಗೊಬ್ಬರು ಸಿಗುತ್ತಿದ್ದರು. ಗೋರೆಗಾಂವ್ ಎಂದರೆ ಈಗ ಜನ ಮಾಲುಗಳನ್ನೂ 1977ರಲ್ಲಿ ಶುರುವಾದ ಫಿಲ್ಮ್ ಸಿಟಿಯನ್ನೂ ಹೇಳುತ್ತಾರೆ. ಅದಕ್ಕೂ ಬಹಳ ಹಿಂದೆ, 1943ರಲ್ಲಿ, ಬಾಂಬೆ ಟಾಕೀಸಿನಿಂದ ಹೊರಬಂದ ಶಶಧರ ಮುಖರ್ಜಿ, ಅಶೋಕ್ ಕುಮಾರ್ ಮೊದಲಾದವರು ಇಲ್ಲಿ ಫಿಲ್ಮಿಸ್ತಾನ್ ಕಟ್ಟಿದ್ದರು. 1953ರ ‘ಅನಾರ್ಕಲಿ’, 1954ರ ‘ನಾಗಿನ್’ ಆ ಸಂಸ್ಥೆಯದೇ ಚಿತ್ರಗಳು. ‘ನಾಗಿನ್’ ಎಂದರೆ ಎಲ್ಲರಿಗೂ ಪುಂಗಿಯ ದನಿ ನೆನಪು. ಅದನ್ನು ಕ್ಲಾವಿಯೋಲಿನ್ ಎಂಬ ವಿದ್ಯುತ್ ವಾದ್ಯದಲ್ಲಿ ನುಡಿಸಿದ್ದು ಕಲ್ಯಾಣ್‌ಜಿ. ಆದರೆ ಆ ಕಾಲದ ಯಾವ ಹಾಡನ್ನಾದರೂ ಹಾಕಿ, ಗಾಯಕಿಯನ್ನು ಪಕ್ಕಕ್ಕಿಟ್ಟು ಹಿಂದೆ ಏನಿದೆ ಎಂದು ಕೇಳಿ. ಎರಡು ಸಾಲಿನ ನಡುವೆ ಮೇಲೇರುವ ವಯಲಿನ್ನುಗಳು ತಟ್ಟನೆ ಕಿವಿಗೆ ಬೀಳುತ್ತವೆ. ಅವುಗಳ ಕೆಳಗೆ ಹಾಸಿಕೊಂಡ ಇನ್ನೊಂದು ಪದರವನ್ನು ಹುಡುಕಿ ಕೇಳಬೇಕು. ನನ್ನ ಮೇಷ್ಟ್ರು ಜೀವನಪೂರ್ತಿ ನುಡಿಸಿದ್ದು ಆ ಪದರವನ್ನು.

ಆ ಕೆಲಸಕ್ಕೆ ಗೋವಾದವರೇ ಯಾಕೆ ಬೇಕಿತ್ತು ಎಂಬುದಕ್ಕೂ ಕಾರಣ ಇದೆ. ಪೋರ್ಚುಗೀಸರ ಕಾಲದಲ್ಲಿ ಗೋವಾದ ಚರ್ಚುಗಳ ಶಾಲೆಯಲ್ಲಿ ಮಕ್ಕಳಿಗೆ ಓದು ಬರಹದ ಜೊತೆ ಸ್ವರಲಿಪಿಯನ್ನೂ ವಯಲಿನ್ನನ್ನೂ ಕಲಿಸುತ್ತಿದ್ದರು. ಕಾಗದ ಮುಂದಿಟ್ಟರೆ ಸಾಕು, ಅಭ್ಯಾಸವಿಲ್ಲದೆ ನೋಡಿ ನುಡಿಸಬಲ್ಲ ಜನ ಹಿಂದಿ ಸಿನಿಮಾಕ್ಕೆ ಅಲ್ಲಿಂದ ಬಂದರು. ಶಂಕರ್ ಜೈಕಿಶನ್‌ರ ಹಾಡುಗಳಿಗೆ ವಾದ್ಯವೃಂದ ಹೊಂದಿಸುತ್ತಿದ್ದ ಸೆಬಾಸ್ಟಿಯನ್ ಡಿಸೋಜ ಅವರಲ್ಲೊಬ್ಬರು. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್ ಇನ್ನೊಬ್ಬರು. ‘ಅಮರ್ ಅಕ್ಬರ್ ಆಂಥನಿ’ಯ ಹಾಡಿನಿಂದ ಅವರ ಹೆಸರು ದೇಶಕ್ಕೆಲ್ಲ ಗೊತ್ತು, ಮನುಷ್ಯ ಗೊತ್ತಿಲ್ಲ. ಆ ಹಾಡಿಗೆ ಸಂಗೀತ ಕೊಟ್ಟ ಜೋಡಿಯಲ್ಲಿ ಒಬ್ಬರಾದ ಪ್ಯಾರೇಲಾಲ್ ವಯಲಿನ್ ಕಲಿತದ್ದು ಈ ಆಂಥನಿಯವರಲ್ಲೇ. ನಮ್ಮ ರಾಗಗಳನ್ನು ದೊಡ್ಡ ವಾದ್ಯವೃಂದಕ್ಕೆ ಬರೆಯಬೇಕೆಂದು ಆಂಥನಿ 1958ರಲ್ಲಿ ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದರು. ಅದು ಬಹುಕಾಲ ಬಾಳಲಿಲ್ಲ.

ಶಿಬಿರದ ಮೊದಲ ದಿನ ಮೇಷ್ಟ್ರು ನನ್ನ ಕೈಯನ್ನು ಒಂದು ನಿಮಿಷ ನೋಡಿದರು. “ಕರ್ನಾಟಕ್ ಸಂಗೀತ್?” ಎಂದರು. ನಾನು ಹೌದೆಂದೆ. “ಅಚ್ಛಾ ಹೈ. ಲೇಕಿನ್ ಇಧರ್ ಉಂಗ್ಲಿ ಸರಕನಾ ಬಂದ್.”

ಬೆರಳು ಜಾರಿಸಬೇಡ ಎಂದರೆ ಗಮಕ ಬಿಡು ಎಂದ ಹಾಗಾಯಿತು. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿಗೆ ಆನಿಸಿ ಕಲಿತವನು ನಾನು. ಆ ಭಂಗಿಯಲ್ಲಿ ವಾದ್ಯ ಅಲುಗುವುದಿಲ್ಲ, ಎಡಗೈ ಸ್ವತಂತ್ರ, ತಂತಿಯುದ್ದಕ್ಕೂ ಬೆರಳು ಓಡಾಡಬಹುದು. ಬಾಲುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ವಾದ್ಯವನ್ನು ನಮ್ಮ ಸಂಗೀತಕ್ಕೆ ತಂದು ಇನ್ನೂರು ವರ್ಷಗಳಾದವು. ಅಷ್ಟರಲ್ಲಿ ಅದು ಎಷ್ಟು ನಮ್ಮದಾಗಿದೆಯೆಂದರೆ, ಗದ್ದದ ಕೆಳಗಿಟ್ಟು ಕುರ್ಚಿಯ ಮೇಲೆ ಕೂತಾಗ ನನಗೆ ಬೇರೆ ಯಾರದ್ದೋ ವಾದ್ಯ ಹಿಡಿದೆ ಅನಿಸಿತು. ತಂತಿಗಳ ಶ್ರುತಿಯೂ ಬೇರೆ. ನಮ್ಮಲ್ಲಿ ಹಾಡುವವರ ಕಂಠ ಎಷ್ಟು ಏರುತ್ತದೋ ಅಲ್ಲಿಗೆ ಸ, ಪ ಕೂರಿಸುತ್ತೇವೆ. ಇಲ್ಲಿ ಯಾರ ಕಂಠವನ್ನೂ ಕೇಳುವುದಿಲ್ಲ. ಮೊದಲ ವಯಲಿನ್ನಿನ ಮುಂದಾಳು ಎ ತಂತಿ ಎಳೆಯುತ್ತಾನೆ, ಸೆಕೆಂಡಿಗೆ 440 ಕಂಪನ, ಎಲ್ಲರೂ ಅದಕ್ಕೆ ಬರಬೇಕು.

ಮೇ ತಿಂಗಳ ಮುಂಬಯಿಯಲ್ಲಿ ಎಲ್ಲರೂ ಅದಕ್ಕೆ ಬರುವುದು ಸುಲಭದ ಮಾತಲ್ಲ. ಗಾಳಿಯಲ್ಲಿ ನೀರು ತುಂಬಿ ಬಿರಡೆಯ ಮರ ಉಬ್ಬುತ್ತದೆ, ತಿರುಗಿಸಿದರೆ ತಿರುಗುವುದಿಲ್ಲ. ತಿರುಗಿದರೆ ಒಂದೇ ಸಲ ಜಾರಿ ತಂತಿ ಸಡಿಲ. ಅದಕ್ಕೆ ಮೇಷ್ಟ್ರ ಜೇಬಿನಲ್ಲಿ ಸದಾ ಬ್ಲ್ಯಾಕ್‌ಬೋರ್ಡಿನ ಸೀಮೆಸುಣ್ಣದ ಒಂದು ತುಂಡು. ಬಿರಡೆಯನ್ನು ಅರ್ಧ ಹೊರಗೆಳೆದು ಸುಣ್ಣ ತಿಕ್ಕಿ ಒತ್ತಿ ಕೂರಿಸಿದರೆ ಅವತ್ತಿಗೆ ನಿಂತಿತು. ಕಮಾನಿಗೆ ಸುಮಾರು 150 ಕುದುರೆ ಕೂದಲು. ಅವು ಬೆವರಿನ ಕೈ ತಾಗಿದಲ್ಲಿ ಜಿಡ್ಡಾಗಿ ತಂತಿಯನ್ನು ಹಿಡಿಯುವುದೇ ಇಲ್ಲ, ರೋಸಿನ್ ಹಚ್ಚಿದರೂ ಅಷ್ಟೇ. ಫ್ಯಾನ್ ಹಾಕಿದರೆ ಸ್ವರಲಿಪಿಯ ಹಾಳೆಗಳು ಕೋಣೆಯ ತುಂಬ ಹಾರಾಡುತ್ತವೆ, ಫ್ಯಾನ್ ನಿಲ್ಲಿಸಿದರೆ ನಾವು ಬೇಯುತ್ತೇವೆ. ಒಣಹಾಕಿದ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ವಾರ್ಡನ್‌ರಿಂದ ಕಾಡಿ ಬೇಡಿ ತಂದು ಒಂದೊಂದು ಸ್ಟ್ಯಾಂಡಿಗೆ ನಾಲ್ಕು ಸಿಕ್ಕಿಸಿದೆವು. ಇವತ್ತಿಗೂ ನನ್ನ ವಯಲಿನ್ ಪೆಟ್ಟಿಗೆಯಲ್ಲಿ ಅಂಥ ಕ್ಲಿಪ್ಪುಗಳಿವೆ. ಅವಿಲ್ಲದೆ ಈ ನಗರದಲ್ಲಿ ಯಾರೂ ವಾದ್ಯವೃಂದಕ್ಕೆ ಹೊರಡಬಾರದು.

ನನ್ನನ್ನು ಎರಡನೇ ವಯಲಿನ್ನಿಗೆ ಹಾಕಿದ್ದು ಓದು ನಿಧಾನ ಎಂದು. ಒಂದು ಸ್ಟ್ಯಾಂಡಿಗೆ ಇಬ್ಬರು. ಸಭೆಯ ಕಡೆ ಕೂತವನು ಹೊರಗಿನವನು, ಆಚೆ ಕಡೆಯವನು ಒಳಗಿನವನು. ಹಾಳೆ ತಿರುಗಿಸುವುದು ಒಳಗಿನವನ ಕೆಲಸ, ಅವನು ತಿರುಗಿಸುವಷ್ಟು ಹೊತ್ತು ಹೊರಗಿನವನು ಇಬ್ಬರ ಪಾಲಿನದನ್ನೂ ನುಡಿಸುತ್ತಿರಬೇಕು. ಒಳಗಿನವನಾದ ನನಗೆ ಜೊತೆ ಸಿಕ್ಕಿದ್ದು ವಸಾಯಿಯ ಒಬ್ಬ ಹುಡುಗ. ಅವನಿಗೆ ಕನ್ನಡ ಗೊತ್ತಿಲ್ಲ, ನನಗೆ ಅವನ ಮನೆಮಾತು ಗೊತ್ತಿಲ್ಲ, ನಡುವೆ ಬಂಬೈಯ ಹಿಂದಿ. ಅದೂ ಹೆಚ್ಚು ಬೇಕಾಗಲಿಲ್ಲ. ಅವನು ಕಮಾನು ಎತ್ತುವ ಮುಂಚೆ ಮೂಗಿನಿಂದ ಸಣ್ಣಗೆ ಉಸಿರೆಳೆಯುತ್ತಿದ್ದ. ಎರಡು ದಿನದಲ್ಲಿ ನನಗೆ ಮುಂದೆ ನಿಂತು ತಾಳ ತೋರುವ ನಿರ್ದೇಶಕರ ಕೋಲಿಗಿಂತ ಆ ಉಸಿರೇ ಹೆಚ್ಚು ನಂಬಿಕೆಯದಾಯಿತು.

ಕಮಾನು ಮೇಲೋ ಕೆಳಗೋ ಎಂಬುದನ್ನು ನಾವೇ ತೀರ್ಮಾನಿಸುವಂತಿಲ್ಲ. ಮುಂದಿನ ಸ್ಟ್ಯಾಂಡಿನವರು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾರೆ, ಅದು ಹಿಂದಕ್ಕೆ ದಾಟಿ ಬರುತ್ತದೆ, ಕೊನೆಯ ಸಾಲಿನವರೂ ಅದನ್ನೇ ಬರೆದುಕೊಳ್ಳಬೇಕು. ಪೆನ್ಸಿಲ್ ಇಲ್ಲದೆ ಬಂದವನನ್ನು ಮೇಷ್ಟ್ರು ವಾದ್ಯವಿಲ್ಲದೆ ಬಂದವನಿಗಿಂತ ಕಡೆಯಾಗಿ ನೋಡುತ್ತಿದ್ದರು. ಕಛೇರಿಯಲ್ಲಿ ಪಕ್ಕವಾದ್ಯದವರ ಕಮಾನು ಯಾವ ಕಡೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ, ಸ್ವರ ಬಂದರೆ ಆಯಿತು. ಇಲ್ಲಿ ಹತ್ತು ಕೈ ಒಟ್ಟಿಗೆ ಕೆಳಗಿಳಿದರೆ ಮಾತ್ರ ಆ ಸ್ವರಕ್ಕೆ ಒಂದೇ ಆರಂಭ, ಒಂದೇ ತೂಕ.

ಮೈಸೂರಿನ ಚೌಡಯ್ಯನವರು ನನಗೆ ಆಗಾಗ ನೆನಪಾಗುವುದು ಇಲ್ಲೇ. ಧ್ವನಿವರ್ಧಕ ಸರಿಯಾಗಿಲ್ಲದ ಕಾಲದಲ್ಲಿ ದೊಡ್ಡ ಸಭೆಗೆ ಪಿಟೀಲಿನ ದನಿ ಸಾಲದೆಂದು ಅವರು ತಂತಿಗಳನ್ನು ನಾಲ್ಕರಿಂದ ಏಳಕ್ಕೆ ಏರಿಸಿಕೊಂಡರು. ಒಬ್ಬ ಮನುಷ್ಯ, ಏಳು ತಂತಿ, ಸಭೆ ತುಂಬ ನಾದ. ಯುರೋಪಿನವರಿಗೂ ಅದೇ ತೊಂದರೆ ಬಂದಿತ್ತು. ಅವರು ತಂತಿ ಹೆಚ್ಚಿಸಲಿಲ್ಲ, ಜನರನ್ನು ಹೆಚ್ಚಿಸಿದರು. ಎರಡರಲ್ಲಿ ಯಾವುದು ಮೇಲು ಎಂದು ನಾನು ಹೇಳಹೊರಟಿಲ್ಲ. ಆದರೆ ಚೌಡಯ್ಯ ಆಗಲು ಚೌಡಯ್ಯನೇ ಹುಟ್ಟಬೇಕು, ಬಿಡಾರಂ ಕೃಷ್ಣಪ್ಪನವರಂಥ ಗುರುವೂ ಸಿಗಬೇಕು. ಎರಡನೇ ವಯಲಿನ್ನಿಗೆ ಅಷ್ಟು ಬೇಕಾಗಿಲ್ಲ. ನನ್ನಂಥ ನಡುವಣ ಪ್ರತಿಭೆಯವನು ಕೂಡ, ಒಬ್ಬನೇ ಜೀವಮಾನದಲ್ಲಿ ಮಾಡಲಾರದ ಸದ್ದಿನ ಒಳಗೆ ಕೂತುಕೊಳ್ಳಬಹುದು.

ಒಳಗೆ ಕೂತು ಏನು ಕೇಳುತ್ತೀರಿ ಎಂದರೆ ಹೇಳುತ್ತೇನೆ. ನಮಗೆ ಕೊಟ್ಟ ಕೃತಿಗಳಲ್ಲಿ ಒಂದು, ಕೊರೆಲ್ಲಿಯ ಕ್ರಿಸ್ಮಸ್ ಕಾನ್ಚೆರ್ಟೋ. ಅವನು ಸತ್ತ ಮರುವರ್ಷ, 1714ರಲ್ಲಿ, ಅಚ್ಚಾದದ್ದು. ಅದರ ನಿಧಾನದ ಭಾಗಗಳಲ್ಲಿ ಇಬ್ಬರೂ ವಯಲಿನ್ನವರು ಒಂದೇ ಎತ್ತರದಲ್ಲಿ ನಡೆಯುತ್ತಾರೆ. ಮೊದಲನೆಯವನು ಒಂದು ಸ್ವರಕ್ಕೆ ಹೋಗುತ್ತಾನೆ, ಎರಡನೆಯವನು ತನ್ನ ಹಳೆಯ ಸ್ವರವನ್ನು ಬಿಡದೆ ಹಿಡಿದಿರುತ್ತಾನೆ. ಎರಡೂ ಪಕ್ಕಪಕ್ಕದ ಸ್ವರಗಳು, ಷಡ್ಜ ರಿಷಭವನ್ನು ಒಟ್ಟಿಗೆ ಮೀಟಿದಂಥ ತಿಕ್ಕಾಟ. ನಮ್ಮ ಸಂಗೀತದಲ್ಲಿ ಬೆಳೆದ ಕಿವಿಗೆ ಅದು ಅಪಸ್ವರವೇ ಸರಿ. ಮೊದಲ ದಿನ ನಾನು ಗಾಬರಿಯಾಗಿ ಕಮಾನು ಎತ್ತಿಬಿಟ್ಟೆ. “ಪಕಡ್! ಛೋಡ್ನೇಕಾ ನಹೀಂ!” ಎಂದು ಮೇಷ್ಟ್ರು ಕೂಗಿದರು. ಹಿಡಿದೆ. ಕೈಯಲ್ಲಿದ್ದ ಮರ ನಡುಗುವುದು ಗದ್ದಕ್ಕೆ ಗೊತ್ತಾಗುತ್ತಿತ್ತು. ಆಮೇಲೆ ನನ್ನ ಸ್ವರ ಒಂದು ಮೆಟ್ಟಿಲು ಕೆಳಗಿಳಿಯಿತು. ಹಿಮ್ಮಡಿಗೆ ಚುಚ್ಚಿದ ಮುಳ್ಳನ್ನು ತೆಗೆದಾಗಿನ ಸುಖ. ಉಸಿರು ಬಿಡುವಷ್ಟರಲ್ಲಿ ಈಗ ಮೊದಲನೆಯವನ ಸ್ವರ ನನ್ನದನ್ನು ತಿಕ್ಕುತ್ತದೆ, ಅವನೂ ಇಳಿಯುತ್ತಾನೆ. ಹೀಗೆ ಒಬ್ಬರನ್ನೊಬ್ಬರು ನೋಯಿಸಿ, ಬಿಡಿಸಿ, ಸಾಗುವುದೇ ಆ ಭಾಗದ ಕಥೆ.

ಸಭೆಯಲ್ಲಿ ಕೂತವರಿಗೆ ಇದೆಲ್ಲ ಸೇರಿ ಒಂದು ಚೆಂದದ ಹರಿವಾಗಿ ಕೇಳುತ್ತದೆ. ನೋವು ಎಲ್ಲಿ ಶುರುವಾಗಿ ಎಲ್ಲಿ ಬಿಡುತ್ತದೆ ಎಂಬುದು ಅದನ್ನು ಹಿಡಿದುಕೊಂಡವನಿಗೇ ಗೊತ್ತು. ಮೊದಲನೇ ವಯಲಿನ್ನವನಿಗೆ ರಾಗದ ಚಿಂತೆ, ಅವನಿಗೆ ಇದನ್ನು ಸವಿಯಲು ಪುರುಸೊತ್ತಿಲ್ಲ ಎಂಬುದು ನನ್ನ ಅನುಮಾನ.

ಇನ್ನೊಂದು ಕೃತಿ ಹೋಲ್ಸ್ಟ್‌ನ ಸೇಂಟ್ ಪಾಲ್ಸ್ ಸ್ವೀಟ್. ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ ಅವನು 1905ರಿಂದ ಸಂಗೀತದ ಮೇಷ್ಟ್ರಾಗಿದ್ದ. ಆ ಹುಡುಗಿಯರಿಗೆಂದೇ ಬರೆದದ್ದು ಇದು. ಶಾಲೆಯ ಮೇಷ್ಟ್ರು ಬರೆದದ್ದಾದ್ದರಿಂದ ಯಾರಿಗೂ ಬೇಸರವಾಗದ ಹಾಗೆ ಪಾಲು ಹಂಚಿದ್ದಾನೆ. ಎರಡನೇ ಭಾಗವನ್ನು ಶುರು ಮಾಡುವವರೇ ಎರಡನೇ ವಯಲಿನ್ನವರು. ಒಂದು ಪುಟ್ಟ ಸ್ವರಗುಚ್ಛ, ಅದನ್ನೇ ಬಿಡದೆ ಸುತ್ತಿ ಸುತ್ತಿ ನುಡಿಸುತ್ತಿರಬೇಕು, ಉಳಿದವರು ಅದರ ಮೇಲೆ ಬಂದು ಆಡಿ ಹೋಗುತ್ತಾರೆ. ಕೊನೆಯ ಭಾಗದಲ್ಲಿ ಕುಣಿತದ ಹಳೆಯ ಧಾಟಿಯೊಂದರ ಮೇಲೆ ‘ಗ್ರೀನ್‌ಸ್ಲೀವ್ಸ್’ ಹಾಡಿನ ಧಾಟಿಯನ್ನು ತಂದು ಕೂರಿಸಿದ್ದಾನೆ, ಎರಡೂ ಒಟ್ಟಿಗೆ ಸಲೀಸಾಗಿ ಓಡುತ್ತವೆ. ಬೆಂಜಮಿನ್ ಬ್ರಿಟನ್‌ನ ಸಿಂಪಲ್ ಸಿಂಫನಿಯಿಂದ ಕಮಾನು ಮುಟ್ಟದೆ ಬರೀ ಬೆರಳಿನಿಂದ ಮೀಟುವ ಭಾಗವನ್ನೂ ಕೊಟ್ಟಿದ್ದರು. ಆತ ಬಾಲ್ಯದಲ್ಲಿ ಬರೆದಿಟ್ಟ ಧಾಟಿಗಳನ್ನೇ ತೆಗೆದು 1934ರಲ್ಲಿ ಕಟ್ಟಿದ್ದಂತೆ. ಮೀಟಲು ಬಹಳ ಖುಷಿ, ಒಟ್ಟಿಗೆ ಮೀಟಲು ಮಹಾ ಕಷ್ಟ. ಒಬ್ಬ ಕೂದಲೆಳೆಯಷ್ಟು ಮೊದಲಾದರೂ ಇಡೀ ಕೋಣೆಗೆ ಗೊತ್ತಾಗುತ್ತದೆ.

ಅಪ್ಪನ ಪ್ರಶ್ನೆಗೆ ಈಗ ಬರುತ್ತೇನೆ. ಅಲ್ಲೇ ಮಲಗಬೇಕಿತ್ತಾ? ಮಲಗಬೇಕಿತ್ತು. ಬೆಳಿಗ್ಗೆ ಪೋಹೆ, ಚಹಾ. ಆಮೇಲೆ ಪ್ರತಿ ವಾದ್ಯದವರೂ ಬೇರೆ ಬೇರೆ ಕೋಣೆಯಲ್ಲಿ ತಮ್ಮ ಪಾಲನ್ನು ತಿದ್ದಿಕೊಳ್ಳುವುದು. ಮಧ್ಯಾಹ್ನ ದಾಲ್ ಚಾವಲ್, ಅರ್ಧ ಗಂಟೆ ಅಡ್ಡಾಗುವುದು. ಸಂಜೆ ಎಲ್ಲರೂ ಕೂಡಿ ನುಡಿಸುವುದು. ಇಷ್ಟೇ ಆಗಿದ್ದರೆ ಮನೆಯಿಂದ ಓಡಾಡಬಹುದಿತ್ತು. ನಿಜವಾದ ಕೆಲಸ ನಡೆದದ್ದು ಆಚೀಚೆ. ಸ್ನಾನಕ್ಕೆ ಸಾಲಿನಲ್ಲಿ ನಿಂತ ದಾದರ್‌ನ ಪಾರ್ಸಿ ಹುಡುಗ ಬಕೆಟ್ಟಿನ ಮೇಲೆ ಹೋಲ್ಸ್ಟ್‌ನ ಲಯ ತಟ್ಟುತ್ತಾನೆ, ಹಿಂದಿನವನು ಅದರ ಮೇಲೆ ಇನ್ನೊಂದು ಪಾಲನ್ನು ಸಿಳ್ಳೆ ಹಾಕುತ್ತಾನೆ, ಬಾಗಿಲ ಒಳಗಿನಿಂದ ಮೂರನೆಯದು ಬರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಬೇರೆಯವರ ಪಾಲನ್ನೂ ಬಾಯಲ್ಲಿ ಹಾಡುತ್ತಿದ್ದೆವು. ಶಿಬಿರ ಮುಗಿಯುವ ಹೊತ್ತಿಗೆ ಚೆಲ್ಲೋದವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ವಿಯೋಲಾದ ಹುಡುಗಿಗೆ ಯಾವ ಜಾಗದಲ್ಲಿ ಹೆದರಿಕೆ ಎಂಬುದೆಲ್ಲ ನನಗೆ ಬಾಯಿಪಾಠ. ವಾರಕ್ಕೊಂದು ಗಂಟೆಯ ಟ್ಯೂಷನ್ನಿನಲ್ಲಿ ಇದು ಹತ್ತು ವರ್ಷಕ್ಕೂ ಬರುವುದಿಲ್ಲ.

ಈ ಗುಟ್ಟನ್ನು ಜಗತ್ತು ಬಹಳ ಹಿಂದೆಯೇ ಕಂಡುಕೊಂಡಿದೆ. ವೆನಿಸ್‌ನಲ್ಲಿ ಪಿಯೆತಾ ಎಂಬ ಅನಾಥಾಲಯವಿತ್ತು. ಹೆತ್ತವರು ಬಿಟ್ಟುಹೋದ ಹೆಣ್ಣುಮಕ್ಕಳು ಅಲ್ಲೇ ಉಂಡು, ಮಲಗಿ, ವಾದ್ಯ ಕಲಿಯುತ್ತಿದ್ದರು. 1703ರಲ್ಲಿ ಅವರಿಗೆ ವಯಲಿನ್ ಕಲಿಸಲು ಸೇರಿದ ಪಾದ್ರಿಯೇ ವಿವಾಲ್ದಿ. ಜಾಲರಿಯ ಹಿಂದೆ ನಿಂತು ನುಡಿಸುತ್ತಿದ್ದ ಆ ಹುಡುಗಿಯರನ್ನು ಕೇಳಲು ಯುರೋಪಿನ ಮೂಲೆಮೂಲೆಯಿಂದ ಜನ ಬರುತ್ತಿದ್ದರು. ಅಮೆರಿಕದ ಮಿಷಿಗನ್‌ನ ಇಂಟರ್‌ಲಾಕನ್ ಕಾಡಿನಲ್ಲಿ 1928ರಲ್ಲಿ ಜೋಸೆಫ್ ಮ್ಯಾಡಿ ಹೈಸ್ಕೂಲಿನ ಮಕ್ಕಳಿಗೆಂದು ಬೇಸಿಗೆಯ ವಾದ್ಯವೃಂದ ಶಿಬಿರ ತೆರೆದರು, ಅದು ಇನ್ನೂ ನಡೆಯುತ್ತಿದೆ. ಎರಡನೇ ಮಹಾಯುದ್ಧದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಬ್ರಿಟನ್ನಿನಲ್ಲಿ 1948ರಲ್ಲೇ ಮಕ್ಕಳ ರಾಷ್ಟ್ರೀಯ ವಾದ್ಯವೃಂದ ಕಟ್ಟಿದರು.

ನಮ್ಮವರಿಗೂ ವಾದ್ಯವೃಂದದ ರುಚಿ ಹೊಸದಲ್ಲ. ನಾಲ್ವಡಿಯವರ ಮೈಸೂರು ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದವೂ ಇತ್ತು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಬೆನ್ನಿಗೆ ನಿಂತರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿದ್ದು ಅವರ ನೆರವಿನಿಂದ. ಮುಂಬಯಿಯಲ್ಲಿ ಮೆಹ್ಲಿ ಮೆಹ್ತಾ 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಮಗ ಜುಬಿನ್ ಮೆಹ್ತಾ ಹೆಸರು ಎಲ್ಲರಿಗೂ ಗೊತ್ತು. ಅಪ್ಪ 1964ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅಮೆರಿಕನ್ ಯೂತ್ ಸಿಂಫನಿ ಕಟ್ಟಿ ಮುಪ್ಪಿನವರೆಗೂ ಎಳೆಯರನ್ನು ಕೂರಿಸಿ ನುಡಿಸಿದರು. ನನಗೆ ಮಗನಿಗಿಂತ ಅಪ್ಪನ ಮೇಲೆ ಪ್ರೀತಿ ಒಂದು ತೂಕ ಹೆಚ್ಚು.

ಕೊನೆಯ ದಿನದ ಕಾರ್ಯಕ್ರಮಕ್ಕೆ ಅಪ್ಪ ಅಮ್ಮ ಬ್ರಿಜ್ಜು ದಾಟಿ ಬಂದರು. ಮುಗಿದ ಮೇಲೆ ಅಪ್ಪ ಕುರ್ಚಿಗಳೆಲ್ಲ ಬಾಡಿಗೆಯವೋ ಸ್ವಂತದವೋ ಎಂದು ವಿಚಾರಿಸಿದರು. ಅಮ್ಮ ಮಾತ್ರ ಕಿವಿಗೊಟ್ಟು ಕೇಳಿದ್ದಳು.

“ಶ್ರುತಿ ಚೆನ್ನಾಗಿತ್ತು ಮಗಾ. ಆದರೆ ತಾಳ ಹಾಕಲಿಕ್ಕೆ ಅಷ್ಟು ದೊಡ್ಡ ಮನುಷ್ಯ ಕೋಟು ಹಾಕಿ ನಿಲ್ಲಬೇಕಾ? ನೀವೇ ತೊಡೆಯ ಮೇಲೆ ಹಾಕಿಕೊಳ್ಳಬಾರದಾ?”

ಕೈ ಎರಡೂ ವಾದ್ಯದ ಮೇಲಿರುತ್ತದಲ್ಲ ಅಮ್ಮ ಎಂದೆ. “ಕಾಲು ಇಲ್ಲವಾ?” ಎಂದಳು. ಕಾಲಿನಲ್ಲಿ ತಾಳ ಹಾಕಬಾರದೆಂದು ಮೇಷ್ಟ್ರು ದಿನವೂ ಬೈದದ್ದನ್ನು ಅವಳಿಗೆ ಹೇಳಲಿಲ್ಲ.

ಆಮೇಲೆ ಬ್ಯಾಂಕಿನ ನೌಕರಿ, ಸಂಸಾರ. ಆದರೂ ಭಾನುವಾರ ಸಿಕ್ಕ ಸಿಕ್ಕ ಹವ್ಯಾಸಿ ವಾದ್ಯವೃಂದದಲ್ಲಿ ಎರಡನೇ ಸಾಲು ಖಾಲಿ ಇದ್ದರೆ ಕೂತಿದ್ದೇನೆ. ಖಾಲಿ ಇರದೇ ಇದ್ದದ್ದಿಲ್ಲ. ಚರ್ಚ್‌ಗೇಟ್ ಲೋಕಲ್ಲಿನಲ್ಲಿ ವಯಲಿನ್ ಪೆಟ್ಟಿಗೆಗೆ ಮೇಲಿನ ಹಲಗೆಯಲ್ಲಿ ಜಾಗ ಸಿಗುತ್ತದೆ. ಚೆಲ್ಲೋದ ಗೆಳೆಯನ ಪಾಡು ಬೇರೆ. ಅವನು ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ವಾದ್ಯವನ್ನು ತಬ್ಬಿಕೊಂಡು ನಿಂತು ಬರುತ್ತಾನೆ. ಮೀನು ಮಾರುವ ಹೆಂಗಸರು ಅದಕ್ಕೆ ಒರಗಲು ಬಂದರೆ ಕೈ ಮುಗಿಯುತ್ತಾನೆ.

ಈಗ ನಗರದಲ್ಲಿ ಕೇಳುವ ಸೌಕರ್ಯ ಹೆಚ್ಚಿದೆ. ನರಿಮನ್ ಪಾಯಿಂಟಿನ ಎನ್‌ಸಿಪಿಎಯಲ್ಲಿ ಖುಷ್ರೂ ಸನ್‌ತೂಕ್ ಮತ್ತು ಕಜಕಿಸ್ತಾನದ ವಯಲಿನ್ ವಾದಕ ಮರಾಟ್ ಬಿಸೆನ್‌ಗಾಲಿಯೆವ್ 2006ರಲ್ಲಿ ಕಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, ಅದರ ಮಕ್ಕಳ ಶಾಲೆಯೂ ಇದೆ. ಆದರೆ ಆ ವಾದ್ಯವೃಂದದ ಕುರ್ಚಿಗಳಲ್ಲಿ ಹೆಚ್ಚಿನವರು ಹೊರದೇಶದಿಂದ ಬಂದವರು. ಬೆಂಗಳೂರಿನಲ್ಲಿ ನೆಲೆಸಿದ ನಿರುಪಮಾ ರಾವ್ ಅವರು ಸುತ್ತಲ ದೇಶಗಳ ವಾದಕರನ್ನೆಲ್ಲ ಕೂಡಿಸಿದ ದಕ್ಷಿಣ ಏಷ್ಯಾದ ವಾದ್ಯವೃಂದ ತನ್ನ ಮೊದಲ ಕಾರ್ಯಕ್ರಮ ಕೊಟ್ಟದ್ದೂ 2019ರಲ್ಲಿ ಎನ್‌ಸಿಪಿಎಯಲ್ಲೇ. ಗೋರೆಗಾಂವ್‌ನಿಂದ ಅಲ್ಲಿಗೆ ಸ್ಲೋ ಲೋಕಲ್ಲಿನಲ್ಲಿ ಒಂದು ಗಂಟೆ, ಆಮೇಲೆ ಬಸ್ಸೋ ಟ್ಯಾಕ್ಸಿಯೋ. ವಾದ್ಯ ಹೊತ್ತ ಹುಡುಗಿಯೊಬ್ಬಳು ಶಾಲೆ ಬಿಟ್ಟು ಬಂದು, ಹೋಗಿ, ತಿರುಗಿ ಬರುವಷ್ಟರಲ್ಲಿ ರಾತ್ರಿ.

ಇತ್ತ ನಮ್ಮ ಬೀದಿಗಳಲ್ಲಿ ವಯಲಿನ್ ಕಲಿಯುವ ಮಕ್ಕಳು ಮೊದಲಿಗಿಂತ ಹೆಚ್ಚು. ಎಲ್ಲರೂ ಗ್ರೇಡ್ ಪರೀಕ್ಷೆಗೆ ಕಲಿಯುತ್ತಾರೆ. ಪರೀಕ್ಷೆಗೆ ಬೇಕಾದ ಮೂರು ತುಣುಕು, ಒಬ್ಬಳೇ, ಹಿಂದೆ ಮೊಬೈಲಿನಿಂದ ಬರುವ ಪಿಯಾನೋ. ಅಪ್ಪ ಅಮ್ಮ ವಿಡಿಯೋ ಮಾಡಿ ಕುಟುಂಬದ ಗುಂಪಿಗೆ ಹಾಕುತ್ತಾರೆ, ಹೆಬ್ಬೆರಳುಗಳು ಏಳುತ್ತವೆ. ಏಳನೇ ಗ್ರೇಡ್ ದಾಟಿದ ಒಬ್ಬ ಹುಡುಗನನ್ನು ನಾನೊಮ್ಮೆ ಪಕ್ಕದಲ್ಲಿ ಕೂರಿಸಿಕೊಂಡೆ. ಬೆರಳು ನನಗಿಂತ ಎಷ್ಟೋ ಚುರುಕು. ಎರಡು ಆವರ್ತ ಸುಮ್ಮನಿರಬೇಕಾದ ಜಾಗ ಬಂದಾಗ ತಬ್ಬಿಬ್ಬಾದ, ಮತ್ತೆ ಎಲ್ಲಿ ಸೇರಿಕೊಳ್ಳಬೇಕೆಂದು ತಿಳಿಯಲಿಲ್ಲ. ಅವನಿಗೆ ಯಾರೂ ಸುಮ್ಮನಿರುವುದನ್ನು ಕಲಿಸಿರಲಿಲ್ಲ. ಸಿನಿಮಾದ ಎರಡನೇ ಸಾಲುಗಳನ್ನು ಕೀಬೋರ್ಡ್ ನುಂಗಿ ದಶಕಗಳೇ ಕಳೆದವು. ಕಲಿಸಬಲ್ಲ ಗೋವಾದ ಮೇಷ್ಟ್ರುಗಳೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಆದ್ದರಿಂದ ಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಬೇಡಿಕೆ. ಅಂಧೇರಿಯಿಂದ ಬೊರಿವಲಿಯವರೆಗೆ ನಮ್ಮವರ ಸಭಾಗೃಹಗಳು, ಶಾಲಾ ಕಟ್ಟಡಗಳು ಬೇಕಾದಷ್ಟಿವೆ. ಮೇ ತಿಂಗಳಲ್ಲಿ ಎಲ್ಲರೂ ಊರಿಗೆ ಹೋದಾಗ ಅವುಗಳಿಗೆ ಬೀಗ. ಹತ್ತು ದಿನ ಬೀಗ ತೆಗೆದುಕೊಡಿ. ನಮ್ಮ ಯಕ್ಷಗಾನದ ಮಕ್ಕಳಿಗೆ ಹೀಗೆ ಜಾಗ ಕೊಟ್ಟು ಅಭ್ಯಾಸ ನಿಮಗಿದೆ, ಇದೂ ಅಂಥದೇ ಒಂದು ಕೆಲಸ. ಕನ್ನಡದ ಮಕ್ಕಳೇ ಬೇಕೆಂದಿಲ್ಲ, ಅವರಿಗೆ ವಸಾಯಿಯವರೂ ದಾದರ್‌ನವರೂ ಜೊತೆಗಿರಲಿ. ಇಬ್ಬರು ಮೇಷ್ಟ್ರನ್ನು ಹುಡುಕುವ ಜವಾಬ್ದಾರಿ ನನ್ನದು, ಸ್ವರಲಿಪಿಯ ಹಾಳೆಗಳು ನನ್ನ ಕಪಾಟಿನಲ್ಲಿವೆ. ನಿಮ್ಮಿಂದ ಬೇಕಾದದ್ದು ಕುಡಿಯುವ ನೀರು, ಮಲಗಲು ಚಾಪೆ, ಮತ್ತು ಕೈ ಇಲ್ಲದ ಕುರ್ಚಿಗಳು. ಕೈ ಇರುವ ಕುರ್ಚಿಯಲ್ಲಿ ಕೂತು ಕಮಾನು ಎಳೆಯಲು ಬರುವುದಿಲ್ಲ, ಅದೊಂದನ್ನು ಮರೆಯಬೇಡಿ.